ಡೇಟಾಬೇಸ್ ಕೋಡಿನ ಕಾಮೆಂಟುಗಳಲ್ಲಿ ಬೇಡದ ಸ್ಪೇಸ್ ತೆಗೆಯುವುದು ಹೇಗೆ (ಟೆಸ್ಟು ಮುರಿಯದ ಹಾಗೆ)

ಕಾಮೆಂಟಿನ ಸ್ಪೇಸ್ ತಾನೆ, ಕಂಪೈಲರ್ ಅದರ ಕಡೆ ತಿರುಗಿಯೂ ನೋಡುವುದಿಲ್ಲ, ಪಠ್ಯ ಬದಲಿಸುವ ಒಂದು ಸೆಡ್ ಕಮಾಂಡ್ ಓಡಿಸಿದರೆ ಮುಗಿಯಿತು ಅಂದುಕೊಂಡು ನಾನು ಒಮ್ಮೆ ಪೋಸ್ಟ್‌ಗ್ರೆಸ್ ಅನ್ನುವ ಡೇಟಾಬೇಸಿನ ಇಡೀ ಸೋರ್ಸ್ ಮೇಲೆ ಕೈ ಆಡಿಸಿದ್ದೆ. ಟ್ಯಾಬ್‌ಗಳನ್ನೆಲ್ಲ ಸ್ಪೇಸ್ ಮಾಡಿಬಿಟ್ಟೆ. ಕಂಪೈಲ್ ಏನೋ ಆಯಿತು. ಟೆಸ್ಟ್ ಓಡಿಸಿದರೆ "ಮಿಸ್ಸಿಂಗ್ ಡೇಟಾ ಫಾರ್ ಕಾಲಮ್" ಅಂತ ಎರರ್ ಮೇಲೆ ಎರರ್. ಟೇಬಲ್ಲಿಗೆ ಡೇಟಾ ತುಂಬುವ ಕಾಪಿ ಕಮಾಂಡಿನ ಟೆಕ್ಸ್ಟ್ ಫಾರ್ಮ್ಯಾಟ್‌ನಲ್ಲಿ ಒಂದು ಕಾಲಮ್ಮಿಗೂ ಇನ್ನೊಂದಕ್ಕೂ ನಡುವಿನ ಬೇಲಿಯೇ ಟ್ಯಾಬ್. ನಾನು ಆ ಬೇಲಿಯನ್ನೇ ಕಿತ್ತಿದ್ದೆ.

ಡೇಟಾಬೇಸ್ ಪ್ರಾಜೆಕ್ಟಿನಲ್ಲಿ ತೊಂದರೆ ಇರುವುದೇ ಇಲ್ಲಿ. ಕೆಲವು ಸ್ಪೇಸ್ ಕಸ, ಕೆಲವು ಡೇಟಾ, ಕಣ್ಣಿಗೆ ಎರಡೂ ಒಂದೇ. ತೆಗೆಯುವ ಕೆಲಸ ಐದು ನಿಮಿಷದ್ದು. ಯಾವುದನ್ನು ಮುಟ್ಟಬಾರದು ಅಂತ ತಿಳಿಯುವುದಕ್ಕೇ ಜಾಸ್ತಿ ಹೊತ್ತು ಬೇಕು. ಇಲ್ಲಿ ಉದಾಹರಣೆಗೆ ಪೋಸ್ಟ್‌ಗ್ರೆಸ್ ಹಿಡಿದಿದ್ದೇನೆ, ಬೇರೆ ಕಡೆಯೂ ಬಹುಪಾಲು ಇದೇ ಕಥೆ. ಕಮಾಂಡುಗಳನ್ನು ಉಚ್ಚಾರದಂತೆ ಬರೆದಿದ್ದೇನೆ, ಟರ್ಮಿನಲ್‌ನಲ್ಲಿ ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡಿ.

ಮೊದಲು ಕಸ ಎಲ್ಲಿದೆ ಅಂತ ಗಿಟ್‌ನಲ್ಲಿ (ಕೋಡಿನ ಬದಲಾವಣೆಗಳ ಲೆಕ್ಕ ಇಡುವ ಟೂಲ್) ನೋಡಿ. "ಗಿಟ್ ಡಿಫ್ --ಚೆಕ್" ಅಂದರೆ ನೀವು ಈಗಷ್ಟೇ ಬದಲಿಸಿದ ಸಾಲುಗಳಲ್ಲಿ ಮಾತ್ರ ಹುಡುಕುತ್ತದೆ. ಇಡೀ ಪ್ರಾಜೆಕ್ಟ್ ನೋಡಬೇಕಾದರೆ ಖಾಲಿ ಟ್ರೀ (ಒಂದೂ ಫೈಲ್ ಇಲ್ಲದ ಪ್ರಾಜೆಕ್ಟ್ ಅಂದುಕೊಳ್ಳಿ) ಜೊತೆ ಹೋಲಿಸಬೇಕು. "ಗಿಟ್ ಹ್ಯಾಶ್-ಆಬ್ಜೆಕ್ಟ್ -ಟಿ ಟ್ರೀ /ಡೆವ್/ನಲ್" ಕೊಟ್ಟರೆ ಒಂದು ಉದ್ದನೆಯ ಹ್ಯಾಶ್ ಬರುತ್ತದೆ, ಅದನ್ನು "ಗಿಟ್ ಡಿಫ್ --ಚೆಕ್" ಮುಂದೆ ಅಂಟಿಸಿ. ಆಗ ಪ್ರತಿ ಫೈಲಿನ ಪ್ರತಿ ಸಾಲೂ ಹೊಸದು ಅಂತ ಲೆಕ್ಕ, ಎಲ್ಲವೂ ತಪಾಸಣೆಗೆ ಸಿಗುತ್ತದೆ. ಸುಮ್ನೆ ಗ್ರೆಪ್ ಹೊಡೆದು ಪಠ್ಯ ಹುಡುಕುವುದಕ್ಕಿಂತ ಇದು ಯಾಕೆ ಒಳ್ಳೆಯದು ಅಂದರೆ, ಗಿಟ್ ಇದಕ್ಕೆ ".ಗಿಟ್‌ಆಟ್ರಿಬ್ಯೂಟ್ಸ್" ಫೈಲಿನ ನಿಯಮ ಓದಿಕೊಳ್ಳುತ್ತದೆ. ಪೋಸ್ಟ್‌ಗ್ರೆಸ್‌ನಲ್ಲಿ ಆ ಫೈಲ್ ಇದೆ. ಸಿ ಫೈಲುಗಳಲ್ಲಿ ಟ್ಯಾಬ್ ಅಗಲ 4, ಸಾಲಿನ ಕೊನೆಯಲ್ಲಿ ಸ್ಪೇಸ್ ಇರಬಾರದು, ಟ್ಯಾಬ್‌ಗೆ ಮುಂಚೆ ಸ್ಪೇಸ್ ಇರಬಾರದು ಅಂತೆಲ್ಲ ಅದರಲ್ಲೇ ಬರೆದಿದ್ದಾರೆ. ಟೆಸ್ಟುಗಳ ಕೆಲವು ಔಟ್‌ಪುಟ್ ಫೈಲುಗಳಿಗೆ ವಿನಾಯಿತಿಯೂ ಅಲ್ಲೇ ಇದೆ. ನಿಮ್ಮ ಪ್ರಾಜೆಕ್ಟಿನಲ್ಲಿ ಈ ಫೈಲ್ ಇಲ್ಲದಿದ್ದರೆ ಮೊದಲ ಪ್ಯಾಚ್ (ನೀವು ಕಳಿಸುವ ಬದಲಾವಣೆ) ಅದೇ ಆಗಲಿ. ಸ್ಪೇಸ್ ತೆಗೆಯುವ ಪ್ಯಾಚ್ ಆಮೇಲೆ.

ಟ್ಯಾಬ್ ಅಗಲದ ವಿಷಯ ಮರೆಯಬೇಡಿ. ಹೇಳದಿದ್ದರೆ ಗಿಟ್ 8 ಅಂತ ಹಿಡಿಯುತ್ತದೆ. 8ರಲ್ಲಿ ನೋಡಿ "ಕಾಮೆಂಟಿನ ನಕ್ಷತ್ರ ಚಿಹ್ನೆಗಳು ಅಡ್ಡಾದಿಡ್ಡಿ ಇವೆ" ಅಂತ ಸರಿಮಾಡಲು ಹೊರಟರೆ, ಸರಿಯಾಗಿದ್ದುದನ್ನೇ ಕೆಡಿಸಿರುತ್ತೀರಿ. "ಲೆಸ್ -ಎಕ್ಸ್4" ಹಾಕಿ ಓದಿ. ಅನುಮಾನ ಬಂದ ಸಾಲನ್ನು "ಕ್ಯಾಟ್ -ಇಟಿ" ಮೂಲಕ ನೋಡಿ, ಸಾಲು ಮುಗಿಯುವಲ್ಲಿ ಡಾಲರ್ ಚಿಹ್ನೆ ಬರುತ್ತದೆ, ಟ್ಯಾಬ್ ಬೇರೆ ಗುರುತಾಗಿ ಕಾಣುತ್ತದೆ. ಡಾಲರ್‌ಗೂ ಕೊನೆಯ ಅಕ್ಷರಕ್ಕೂ ನಡುವೆ ಜಾಗ ಇದ್ದರೆ ಅದೇ ಕಸ.

ಗಿಟ್ ಕಣ್ಣಿಗೆ ಬೀಳದ ಕಸವೂ ಇದೆ. ವೆಬ್ ಪುಟದಿಂದಲೋ ವರ್ಡ್ ಫೈಲಿನಿಂದಲೋ ಕಾಪಿ ಮಾಡಿದಾಗ ಬರುವ ನಾನ್-ಬ್ರೇಕಿಂಗ್ ಸ್ಪೇಸ್, ಅಗಲವೇ ಇಲ್ಲದ ಜೀರೋ-ವಿಡ್ತ್ ಸ್ಪೇಸ್ ಇಂಥವು. ಇವಕ್ಕೆ ಆಸ್ಕಿ ಅಲ್ಲದ ಅಕ್ಷರಗಳನ್ನು ಹುಡುಕುವ ರೆಜೆಕ್ಸ್ (ಹುಡುಕಾಟದ ಮಾದರಿ) ಬರೆದು ಒಂದೊಂದಾಗಿ ನೋಡಬೇಕು. ಒಂದೊಂದಾಗಿ ಅಂತ ಯಾಕೆ ಹೇಳುತ್ತಿದ್ದೇನೆ ಅಂದರೆ, ಕನ್ನಡದಲ್ಲಿ ಕಾಮೆಂಟ್ ಬರೆದಿದ್ದರೆ ಅಲ್ಲಿ ಜೀರೋ-ವಿಡ್ತ್ ನಾನ್-ಜಾಯ್ನರ್ ಇರುತ್ತದೆ, ಅದು ಕಸ ಅಲ್ಲ. "ಸಾಫ್ಟ್‌ವೇರ್" ಅನ್ನುವ ಪದದಲ್ಲಿ ಟ ಕೆಳಗೆ ವ ಒತ್ತು ಬೀಳದಂತೆ ತಡೆದಿರುವುದೇ ಅದು. ಕಾಣದ ಅಕ್ಷರಗಳನ್ನೆಲ್ಲ ಒಟ್ಟಿಗೆ ಗುಡಿಸಿದರೆ ಪದಗಳೂ ಕೆಡುತ್ತವೆ.

ಈಗ ಮುಟ್ಟಬಾರದವು. ಇದನ್ನು ನಿಧಾನವಾಗಿ ಓದಿ.

ಪೋಸ್ಟ್‌ಗ್ರೆಸ್‌ನ ರೆಗ್ರೆಶನ್ ಟೆಸ್ಟುಗಳಲ್ಲಿ (ಮೊದಲು ಸರಿಯಿದ್ದದ್ದು ಕೆಟ್ಟಿಲ್ಲ ಅಂತ ನೋಡುವ ಟೆಸ್ಟುಗಳು) ಒಂದು ಎಸ್‌ಕ್ಯೂಎಲ್ ಫೈಲ್, ಅದಕ್ಕೆ ಜೋಡಿಯಾಗಿ "ಎಕ್ಸ್‌ಪೆಕ್ಟೆಡ್" ಫೋಲ್ಡರಿನಲ್ಲಿ ಬರಬೇಕಾದ ಔಟ್‌ಪುಟ್ ಇರುತ್ತದೆ. ಪೋಸ್ಟ್‌ಗ್ರೆಸ್‌ಗೆ ಕಮಾಂಡ್ ಕೊಡುವ ಪಿಎಸ್‌ಕ್ಯೂಎಲ್ ಪ್ರೋಗ್ರಾಮ್ ಟೇಬಲ್ ತೋರಿಸುವಾಗ ಕಾಲಮ್ಮಿನ ಹೆಸರನ್ನು ಮಧ್ಯಕ್ಕೆ ತರಲು ಎರಡೂ ಬದಿ ಸ್ಪೇಸ್ ತುಂಬುತ್ತದೆ, ಹಾಗಾಗಿ ಹೆಡಿಂಗ್ ಸಾಲಿನ ಕೊನೆಯಲ್ಲಿ ಸ್ಪೇಸ್ ಉಳಿಯುವುದು ಸಹಜ. ಅದು ಪ್ರೋಗ್ರಾಮ್ ನಿಜವಾಗಿ ಪ್ರಿಂಟ್ ಮಾಡುವ ಸ್ಪೇಸ್. ಅದನ್ನು ತೆಗೆಯಬೇಡಿ. ಆದರೆ ಇದರ ಉಲ್ಟಾ ಕೂಡ ಇದೆ, ಬಹಳ ಜನ ಎಡವುವುದು ಇಲ್ಲೇ. ಈ ಟೆಸ್ಟುಗಳು ಪಿಎಸ್‌ಕ್ಯೂಎಲ್ ಅನ್ನು "-ಎ" ಆಯ್ಕೆಯೊಂದಿಗೆ ಓಡಿಸುತ್ತವೆ, ಅಂದರೆ ಓದಿದ ಸಾಲನ್ನೆಲ್ಲ ಅದು ಹಾಗೇ ವಾಪಸ್ ಪ್ರಿಂಟ್ ಮಾಡುತ್ತದೆ, ಕಾಮೆಂಟುಗಳನ್ನೂ ಸೇರಿಸಿ. ಹಾಗಾಗಿ ಎಸ್‌ಕ್ಯೂಎಲ್ ಫೈಲಿನ ಒಂದು ಕಾಮೆಂಟಿನಲ್ಲಿ ಸ್ಪೇಸ್ ತೆಗೆದರೆ ಎಕ್ಸ್‌ಪೆಕ್ಟೆಡ್ ಫೈಲಿನಲ್ಲಿ ಅದೇ ಕಾಮೆಂಟ್ ಹುಡುಕಿ ಅಲ್ಲೂ ತೆಗೆಯಬೇಕು. ಕೆಲವು ಟೆಸ್ಟಿಗೆ ಎರಡು ಮೂರು ಬದಲಿ ಔಟ್‌ಪುಟ್ ಫೈಲುಗಳಿರುತ್ತವೆ. ಎಲ್ಲದರಲ್ಲೂ ತೆಗೆಯಬೇಕು.

ಮೈಎಸ್‌ಕ್ಯೂಎಲ್ ಜೊತೆ ಕೆಲಸ ಮಾಡುವವರಿಗೆ ಇನ್ನೊಂದು ಗುಂಡಿ. ಅಲ್ಲಿ ಎರಡು ಅಡ್ಡಗೆರೆ ಹಾಕಿದರಷ್ಟೇ ಕಾಮೆಂಟ್ ಆಗುವುದಿಲ್ಲ, ಅದರ ಮುಂದೆ ಒಂದು ಸ್ಪೇಸೋ ಟ್ಯಾಬೋ ಹೊಸ ಸಾಲೋ ಇರಲೇಬೇಕು. 5--1 ಅಂತ ಬರೆದರೆ ಪೋಸ್ಟ್‌ಗ್ರೆಸ್ 5 ಓದಿ ಉಳಿದದ್ದನ್ನು ಕಾಮೆಂಟ್ ಅಂತ ಬಿಡುತ್ತದೆ, ಮೈಎಸ್‌ಕ್ಯೂಎಲ್ ಐದರಿಂದ ಮೈನಸ್ ಒಂದನ್ನು ಕಳೆದು 6 ಕೊಡುತ್ತದೆ. ಅಡ್ಡಗೆರೆ ಆದಮೇಲಿನ ಸ್ಪೇಸ್ ಒಂದೊಂದು ಕಡೆ ಒಂದೊಂದು ಥರ ಇದೆ ಅಂತ ಅದನ್ನು ಕತ್ತರಿಸಲು ಹೋಗಬೇಡಿ.

ಸಿ ಕೋಡಿನಲ್ಲಿ ಎರಡು ಓರೆಗೆರೆಯ ಕಾಮೆಂಟ್ ಬ್ಯಾಕ್‌ಸ್ಲ್ಯಾಶ್‌ನಲ್ಲಿ ಮುಗಿದರೆ ಮುಂದಿನ ಸಾಲೂ ಕಾಮೆಂಟಿಗೇ ಸೇರುತ್ತದೆ. ಬ್ಯಾಕ್‌ಸ್ಲ್ಯಾಶ್ ಆದಮೇಲೆ ಒಂದು ಸ್ಪೇಸ್ ಉಳಿದಿದ್ದರೂ ಜಿಸಿಸಿ ಕಂಪೈಲರ್ ಹಾಗೇ ಓದುತ್ತದೆ, ಮೈಕ್ರೋಸಾಫ್ಟ್ ಕಂಪೈಲರ್ ಓದುವುದಿಲ್ಲ. ಅಂದರೆ ಆ ಒಂದು ಸ್ಪೇಸ್ ತೆಗೆದ ಕೂಡಲೇ ಒಂದು ಕಂಪೈಲರಿನಲ್ಲಿ ಕೋಡಿನ ಒಂದು ಸಾಲೇ ಮಾಯ! ಪೋಸ್ಟ್‌ಗ್ರೆಸ್ ಈ ಥರದ ಕಾಮೆಂಟನ್ನೇ ಒಪ್ಪುವುದಿಲ್ಲವಾದ್ದರಿಂದ ಅಲ್ಲಿ ನೀವು ಬಚಾವ್, ಬೇರೆ ಕಡೆ ನೋಡಿಕೊಳ್ಳಿ. ಮೇಕ್‌ಫೈಲ್ (ಬಿಲ್ಡ್ ಹೇಗೆ ಮಾಡಬೇಕು ಅಂತ ಹೇಳುವ ಫೈಲ್) ಕೂಡ ಹೀಗೇ. ವೇರಿಯಬಲ್ ಬೆಲೆಗೂ ಅದರ ಮುಂದಿನ ಕಾಮೆಂಟಿಗೂ ನಡುವಿನ ಸ್ಪೇಸ್ ಆ ಬೆಲೆಯ ಭಾಗವಾಗಿಯೇ ಉಳಿಯುತ್ತದೆ.

ಇನ್ನು ಬರೀ ಅಭಿರುಚಿಯ ವಿಷಯಗಳು. ಫುಲ್‌ಸ್ಟಾಪ್ ಆದಮೇಲೆ ಎರಡು ಸ್ಪೇಸ್ ಬಿಡುವುದು ಹಳೆಯ ಕಾಮೆಂಟುಗಳಲ್ಲಿ ಸಾಮಾನ್ಯ. ಅದು ತಪ್ಪಲ್ಲ, ಬರೆದವರ ಶೈಲಿ, ಬಿಟ್ಟುಬಿಡಿ. ಕಾಮೆಂಟಿನೊಳಗೆ ಪಟ್ಟಿಯೋ ಚಿತ್ರವೋ ಇದ್ದರೆ ಮಧ್ಯದ ಸ್ಪೇಸ್ ಮುಟ್ಟಬೇಡಿ, ಸಾಲಿನ ಕೊನೆಯದು ಮಾತ್ರ ಸಾಕು.

ತೆಗೆಯುವ ಕೆಲಸಕ್ಕೆ ಬರೋಣ. ಪೋಸ್ಟ್‌ಗ್ರೆಸ್‌ನ ಸಿ ಫೈಲುಗಳಿಗೆ ಪಿಜಿಇಂಡೆಂಟ್ ಅನ್ನುವ ಸ್ವಂತ ಟೂಲ್ ಇದೆ, ಕೈಯಿಂದ ಮಾಡುವ ಬದಲು ಅದನ್ನೇ ಓಡಿಸಿ. ಆದರೆ ಅದು ಸ್ಪೇಸ್ ತೆಗೆದು ಸುಮ್ಮನಾಗುವುದಿಲ್ಲ, ಎಡ ಅಂಚಿಗೆ ಅಂಟಿರದ ಕಾಮೆಂಟುಗಳ ಸಾಲುಗಳನ್ನೂ ಮತ್ತೆ ಜೋಡಿಸುತ್ತದೆ. ಪಟ್ಟಿ ಇರುವ ಕಾಮೆಂಟ್ ಉಳಿಯಬೇಕಾದರೆ ಅದರ ಮೊದಲ ಸಾಲಿನಲ್ಲೂ ಕೊನೆಯ ಸಾಲಿನಲ್ಲೂ ಉದ್ದಕ್ಕೆ ಅಡ್ಡಗೆರೆಗಳನ್ನು ಹಾಕಿರಬೇಕು. ಹೊಸ ಟೈಪ್‌ಡೆಫ್ ಹೆಸರು (ಡೇಟಾ ಟೈಪಿಗೆ ಕೋಡಿನಲ್ಲಿ ಇಟ್ಟ ಹೆಸರು) ಅದರ ಟೈಪ್‌ಡೆಫ್ಸ್ ಪಟ್ಟಿಯಲ್ಲಿ ಇರದಿದ್ದರೆ ಪಾಯಿಂಟರಿನ ನಕ್ಷತ್ರದ ಪಕ್ಕ ಇಲ್ಲದ ಸ್ಪೇಸ್ ಸೇರಿಸಿಬಿಡುತ್ತದೆ, ಕಸ ತೆಗೆಯಲು ಹೋಗಿ ಕಸ ಹಾಕಿದಂತೆ. ಉಳಿದ ಫೈಲುಗಳಿಗೆ, ಮೇಲಿನ ಚೆಕ್ ಕೊಟ್ಟ ಸಾಲು ನಂಬರ್ ಹಿಡಿದು ಕೈಯಲ್ಲೇ ತೆಗೆಯುವುದು ನನ್ನ ಅಭ್ಯಾಸ. ಎಡಿಟರಿನಲ್ಲಿ "ಸೇವ್ ಮಾಡುವಾಗ ಸ್ಪೇಸ್ ಕತ್ತರಿಸು" ಅನ್ನುವ ಆಯ್ಕೆ ಇದ್ದರೆ ಈ ಪ್ರಾಜೆಕ್ಟಿಗೆ ಅದನ್ನು ಆರಿಸಿಡಿ, ಎಕ್ಸ್‌ಪೆಕ್ಟೆಡ್ ಫೈಲನ್ನು ಸುಮ್ನೆ ತೆರೆದು ಸೇವ್ ಮಾಡಿದರೂ ಕೆಲಸ ಕೆಡುತ್ತದೆ. ಕಸ ನಿಮ್ಮದೇ ಕೊನೆಯ ಕಮಿಟ್‌ನಲ್ಲಿ (ಗಿಟ್‌ನಲ್ಲಿ ದಾಖಲಿಸಿದ ಬದಲಾವಣೆ) ಬಂದಿದ್ದರೆ "ಗಿಟ್ ರೀಬೇಸ್ --ವೈಟ್‌ಸ್ಪೇಸ್=ಫಿಕ್ಸ್ ಹೆಡ್~1" ಸಾಕು, ನೀವು ಸೇರಿಸಿದ ಸಾಲುಗಳನ್ನಷ್ಟೇ ಸರಿಮಾಡುತ್ತದೆ.

ಮುಗಿಸಿದ ಮೇಲೆ ಏನೂ ಬದಲಾಗಿಲ್ಲ ಅಂತ ತೋರಿಸಬೇಕು. "ಗಿಟ್ ಡಿಫ್ -ಡಬ್ಲ್ಯೂ" ಖಾಲಿ ಬರಬೇಕು. ಅದೊಂದನ್ನೇ ನಂಬಬೇಡಿ, ಸ್ಟ್ರಿಂಗ್ ಒಳಗಿನ ಸ್ಪೇಸ್ ಹೋಗಿದ್ದರೂ ಅದು ಖಾಲಿಯೇ ತೋರಿಸುತ್ತದೆ. ಮೊದಲಿನ ಕೋಡನ್ನೂ ಹೊಸ ಕೋಡನ್ನೂ ಒಂದೇ ಫೋಲ್ಡರಿನಲ್ಲಿ ಒಂದೇ ಆಯ್ಕೆಗಳೊಂದಿಗೆ ಬಿಲ್ಡ್ ಮಾಡಿ, ಕಂಪೈಲರ್ ಕೊಟ್ಟ ಆಬ್ಜೆಕ್ಟ್ ಫೈಲುಗಳನ್ನು ಹೋಲಿಸಿ. ಕಾಮೆಂಟ್ ಮಾತ್ರ ಮುಟ್ಟಿದ್ದರೆ ಅವು ಒಂದೇ ಇರಬೇಕು. ಆದರೆ ಖಾಲಿ ಸಾಲು ಅಳಿಸಿದ್ದರೆ ಅಥವಾ ಕಾಮೆಂಟಿನ ಸಾಲುಗಳ ಸಂಖ್ಯೆ ಬದಲಾಗಿದ್ದರೆ ಬೇರೆಯಾಗುತ್ತವೆ, ಯಾಕೆಂದರೆ ಎರರ್ ಮೆಸೇಜುಗಳೂ ಅಸರ್ಟುಗಳೂ ಸೋರ್ಸಿನ ಸಾಲು ನಂಬರನ್ನು ಒಳಗೆ ಇಟ್ಟುಕೊಂಡಿರುತ್ತವೆ. ಅದಕ್ಕೇ ಸಾಲಿನ ಕೊನೆಯ ಸ್ಪೇಸ್ ಒಂದು ಕಮಿಟ್, ಸಾಲುಗಳ ಜೋಡಣೆ ಇನ್ನೊಂದು ಕಮಿಟ್ ಅಂತ ಬೇರೆ ಮಾಡಿ. ಮೊದಲನೆಯದನ್ನು ರಿವ್ಯೂ ಮಾಡುವವರು ಕಣ್ಣು ಮುಚ್ಚಿ ಒಪ್ಪಬಹುದು. ಟೆಸ್ಟ್ ಪೂರ್ತಿ ಓಡಿಸುವುದಂತೂ ಇದ್ದೇ ಇದೆ.

ಇದೇ ಕಮಿಟ್‌ನಲ್ಲಿ ಸ್ಪೆಲಿಂಗ್ ತಪ್ಪು ಕಂಡಿತು ಅಂತ ತಿದ್ದಬೇಡಿ. ಆಸೆ ಆಗುತ್ತದೆ, ನನಗೂ ಆಗುತ್ತದೆ. ತಿದ್ದಿದರೆ ಮೇಲಿನ ಖಾಲಿ ಡಿಫ್ ಸಾಕ್ಷಿ ಹೋಯಿತು.

ದೊಡ್ಡ ಕಮಿಟ್ ಆದರೆ ಬ್ಲೇಮ್ (ಪ್ರತಿ ಸಾಲನ್ನು ಕೊನೆಗೆ ಬದಲಿಸಿದವರು ಯಾರು ಅಂತ ತೋರಿಸುವ ಗಿಟ್ ಕಮಾಂಡ್) ನೋಡಿದಾಗ ಎಲ್ಲ ಸಾಲಿಗೂ ನಿಮ್ಮ ಹೆಸರೇ ಕಾಣುತ್ತದೆ, ಆ ಕೋಡ್ ಯಾಕೆ ಬಂತು ಅಂತ ಹುಡುಕುವವರು ನಿಮ್ಮನ್ನು ಬೈದುಕೊಳ್ಳುತ್ತಾರೆ. 2019ರ ಗಿಟ್ 2.23ರಿಂದ ಇದಕ್ಕೆ ಪರಿಹಾರ ಇದೆ. ಕಮಿಟ್ ಹ್ಯಾಶ್ ಅನ್ನು ".ಗಿಟ್-ಬ್ಲೇಮ್-ಇಗ್ನೋರ್-ರೆವ್ಸ್" ಫೈಲಿಗೆ ಸೇರಿಸಿ, ಪೋಸ್ಟ್‌ಗ್ರೆಸ್‌ನಲ್ಲೂ ಈ ಫೈಲ್ ಇದೆ. ಪ್ರತಿಯೊಬ್ಬರೂ ತಮ್ಮ ಗಿಟ್ ಕಾನ್ಫಿಗ್‌ನಲ್ಲಿ ಅದನ್ನು ಒಮ್ಮೆ ಹೇಳಿಕೊಡಬೇಕು, ತಾನಾಗಿಯೇ ಓದುವುದಿಲ್ಲ.

ಕಳಿಸುವ ಮುಂಚೆ ಬ್ರಾಂಚ್ ಯೋಚನೆ ಮಾಡಿ. ಪೋಸ್ಟ್‌ಗ್ರೆಸ್ ಒಂದು ಮುಖ್ಯ ಆವೃತ್ತಿಯನ್ನು 5 ವರ್ಷ ನೋಡಿಕೊಳ್ಳುತ್ತದೆ, ಒಂದೇ ಬಗ್‌ಫಿಕ್ಸ್ ಹಲವು ಹಳೆಯ ಬ್ರಾಂಚುಗಳಿಗೆ ಹೋಗಬೇಕಾಗುತ್ತದೆ. ನೀವು ಮಾಸ್ಟರ್‌ನಲ್ಲಿ ಮಾತ್ರ ಸ್ಪೇಸ್ ತೆಗೆದಿದ್ದರೆ ಆ ಸಾಲುಗಳ ಸುತ್ತಮುತ್ತ ಮುಂದಿನ ಪ್ರತಿ ಚೆರ್ರಿ-ಪಿಕ್ (ಒಂದು ಕಮಿಟ್ ಅನ್ನು ಬೇರೆ ಬ್ರಾಂಚಿಗೆ ತರುವುದು) ಕೂಡ ಸಿಕ್ಕಿಹಾಕಿಕೊಳ್ಳಬಹುದು. ಹಾಗಾಗಿ ಯಾರೂ ಮುಟ್ಟದ ಫೈಲಿನಲ್ಲಿ ಒಂದೆರಡು ಸ್ಪೇಸ್ ಇದ್ದರೆ ನಾನು ಬಿಟ್ಟುಬಿಡುತ್ತೇನೆ, ಆ ಫೈಲಿನಲ್ಲಿ ಬೇರೆ ಕೆಲಸ ಬಂದಾಗ ನೋಡಿದರಾಯಿತು. ನಿಮ್ಮ ಕಮಿಟ್‌ನಿಂದ ಬೇರೆಯವರ ಪ್ಯಾಚ್ ಸಿಕ್ಕಿಕೊಂಡರೆ, "ಗಿಟ್ ರೀಬೇಸ್" ಜೊತೆ ದೊಡ್ಡ ಎಕ್ಸ್ ಹಾಕಿ "ಇಗ್ನೋರ್-ಸ್ಪೇಸ್-ಚೇಂಜ್" ಕೊಡಿ ಅಂತ ಕಮಿಟ್ ಮೆಸೇಜಿನಲ್ಲೇ ಒಂದು ಸಾಲು ಬರೆದಿಡಿ, ಕೇಳುವವರಿಗೆಲ್ಲ ಬೇರೆಬೇರೆಯಾಗಿ ಹೇಳುವುದು ತಪ್ಪುತ್ತದೆ.