ಚಿಪ್ಪಿಲ್ಲದ ಬಂಡೆಯಲ್ಲಿ ಚಿಪ್ಪಿನ ಲೆಕ್ಕ: ನನ್ನ ಅನುಭವ

ಪಳೆಯುಳಿಕೆ ಚಿಪ್ಪುಗಳಿಂದ ಕಲ್ಲಿನ ಎಳೆತ ಅಳೆಯುವ ಲೆಕ್ಕ ಕಲಿಯುತ್ತೇನೆ ಎಂದಾಗ, "ಕೊಡಗಲ್ಲಿ ಪಳೆಯುಳಿಕೆ ಎಲ್ಲಿದೆ ಮಾರಾಯಾ?" ಎಂದು ಎಲ್ಲರೂ ನಕ್ಕಿದ್ದರು. ನಿಜ, ಇಲ್ಲಿರುವುದು ನೈಸ್, ಚಾರ್ನೊಕೈಟ್, ಅಂದರೆ ಆಳದ ಬಿಸಿ, ಒತ್ತಡದಲ್ಲಿ ರೂಪುಗೊಂಡ, ಚಿಪ್ಪಿಲ್ಲದ ಕಲ್ಲುಗಳು. ಆದರೆ ನನಗೆ ಬೇಕಿದ್ದದ್ದು ಚಿಪ್ಪಲ್ಲ, ಭೂಮಿಯೊಳಗೆ ಕಲ್ಲು ಎಷ್ಟು ಎಳೆದು ಉದ್ದವಾಗಿದೆ ಎಂಬ ಲೆಕ್ಕ.

ಕೈ ಪಳಗಿಸಿದ್ದು ಮಾತ್ರ ಚಿಪ್ಪಿನ ಮೇಲೇ. ಇಂಗ್ಲೆಂಡಿನ ಕಾರ್ನ್‌ವಾಲ್‌ನ ಸ್ಲೇಟಿನಲ್ಲಿ 'ಡೆಲಬೋಲ್ ಚಿಟ್ಟೆ' ಎನ್ನುವ ಬ್ರಾಕಿಯೋಪಾಡ್ (ಎರಡು ಚಿಪ್ಪಿನ ಕಡಲಜೀವಿಯ ಪಳೆಯುಳಿಕೆ) ಸಿಗುತ್ತದಲ್ವಾ, ಅದರ ಫೋಟೋಗಳನ್ನು ಹಾಕಿಕೊಂಡು ಕೂತೆ. ಭೂವಿಜ್ಞಾನಿ ವೆಲ್‌ಮನ್ 1962ರಲ್ಲಿ ಹೇಳಿದ ಹಾಗೆ ಪ್ರತಿ ಚಿಪ್ಪಿಗೂ ಕೀಲುಗೆರೆ (ಎರಡು ಚಿಪ್ಪು ಕೂಡುವ ಅಂಚು), ನಡುಗೆರೆ ಎಳೆದೆ; ಕಲ್ಲು ಎಳೆಯುವ ಮೊದಲು ಇವೆರಡೂ ಲಂಬವಾಗಿದ್ದವು, ಈಗ ಎಷ್ಟು ವಾಲಿವೆ ಎಂಬುದರಿಂದ ಎಳೆತದ ದೀರ್ಘವೃತ್ತ ಸಿಗುತ್ತದೆ. ಒಂದೇ ಕಲ್ಲಿನಲ್ಲಿ ಬೇರೆ ಬೇರೆ ದಿಕ್ಕಿಗೆ ಬಿದ್ದ ಹಲವು ಚಿಪ್ಪು ಇದ್ದರೆ ದೀರ್ಘವೃತ್ತ ಚೆನ್ನಾಗಿ ಕೂರುತ್ತದೆ.

ಆದರೂ ನಂಬಿಕೆ ಬರಲಿಲ್ಲ. ಚಪಾತಿ ಹಿಟ್ಟಿನ ಮೇಲೆ ಬಳೆ ಒತ್ತಿ, ಪಕ್ಕದಲ್ಲಿ ಚಿಪ್ಪಿನ ಗೆರೆಗಳ ಬದಲು ಕಡ್ಡಿಯಿಂದ ಲಂಬವಾಗಿ ಕೂಡುವ ಗೆರೆಜೋಡಿಗಳನ್ನು (ಕೂಡುಗೆರೆ) ಕೊರೆದು, ಹಿಟ್ಟನ್ನು ಹಿಡಿದು ಎಳೆದೆ. ಹಿಟ್ಟು ಹಿಂದಕ್ಕೆ ಜಗ್ಗಿತು. ಅನ್ನ ಹಾಕಿ ನಾದಿದ ಅಕ್ಕಿ ಒಟ್ಟಿ (ನಮ್ಮ ಕೊಡಗಿನ ಅಕ್ಕಿ ರೊಟ್ಟಿ) ಹಿಟ್ಟು ಎಳೆದಲ್ಲೇ ನಿಂತಿತು! ಬಳೆಯ ಗುರುತು 1.5 (ಉದ್ದ ಅಗಲದ ಒಂದೂವರೆ ಪಟ್ಟು) ಎಂದರೆ ಕೂಡುಗೆರೆಗಳೂ ಹೆಚ್ಚುಕಮ್ಮಿ ಅಷ್ಟೇ ಎಂದವು.

ಆಮೇಲೆ ತೋಟದ ತೋಡಿನ ಬಂಡೆ. ಚಿಪ್ಪಿನ ಬದಲು ಫೆಲ್ಡ್‌ಸ್ಪಾರ್ ಕಣ್ಣುಗಳು, ಅಂದರೆ ಕಲ್ಲಿನಲ್ಲಿ ಕಣ್ಣಿನಾಕಾರದಲ್ಲಿ ಕಾಣುವ ಖನಿಜದ ಹರಳುಗಳು. ಮೊದಲ ದಿನ ಉತ್ತರ 3 ಬಂತು, ಮರುದಿನ 1.7. ಬಂಡೆ ಅದೇ, ನಾನು ಮೊಬೈಲನ್ನು ಓರೆ ಹಿಡಿದಿದ್ದೆ. ಸರಿ, ಕಲ್ಲನ್ನೇ ಕೊಯ್ಯಿಸೋಣ ಎಂದು ಒಂದು ತುಂಡನ್ನು ಕಲ್ಲು ಕೊಯ್ಯುವವರ ಬಳಿ ಹೊತ್ತುಕೊಂಡು ಹೋದೆ. 1,800 ರೂಪಾಯಿ ಕೊಟ್ಟೆ, ಕೊಯ್ದದ್ದು ಅಡ್ಡಡ್ಡ. ಎಳೆತದ ದಿಕ್ಕಿಗೆ ಬಾಣದ ಗುರುತು ಹಾಕದೆ ಕೊಟ್ಟದ್ದು ನನ್ನದೇ ತಪ್ಪು. ಇನ್ನೊಮ್ಮೆ ಅಷ್ಟೇ ದುಡ್ಡು.

ಎರಡನೇ ತುಂಡಿನಲ್ಲಿ ಫ್ರೈ ವಿಧಾನ, ಅಂದರೆ ಹರಳುಗಳ ನಡುವಿನ ಅಂತರಗಳಿಂದ ಎಳೆತ ಅಳೆಯುವುದು. ಸುಮಾರು 160 ಹರಳು, ಟ್ರೇಸಿಂಗ್ ಪೇಪರಿನ ನಡುಗುರುತನ್ನು ಪ್ರತಿಯೊಂದರ ನಡುವಿಗೂ ಸರಿಸಿ, ಪ್ರತಿ ಸಲವೂ ಉಳಿದೆಲ್ಲ ಹರಳುಗಳ ನಡುವಿಗೆ ಚುಕ್ಕಿ ಇಡಬೇಕು. ಮೊದಲು ಸುಮ್ನೆ ಅಂದವಾದ ಹರಳುಗಳನ್ನಷ್ಟೇ ಆರಿಸಿದ್ದೆ, ನಡುವೆ ಏನೂ ಮೂಡಲಿಲ್ಲ. ಒಂದನ್ನೂ ಬಿಡದೆ ಹಾಕಿದ ಮೇಲೆ ಚುಕ್ಕಿಗಳ ನಡುವೆ ಮೊಟ್ಟೆಯಾಕಾರದ ಖಾಲಿ ಜಾಗ ಚೊಕ್ಕವಾಗಿ ಕಂಡಿತು: 2.1 ಆಸುಪಾಸು. ಹರಳುಗಳ ಆಕಾರವನ್ನೇ ಅಳೆದರೆ 1.8. ಫೆಲ್ಡ್‌ಸ್ಪಾರ್ ಸುತ್ತಲಿನ ಕಲ್ಲಿಗಿಂತ ಗಟ್ಟಿ, ಅದಕ್ಕೇ ಅದು ಅಷ್ಟು ಎಳೆದುಕೊಂಡಿಲ್ಲ. ಇದನ್ನು ಮೊದಲೇ ಊಹಿಸಿದ್ದೆ ಎಂದರೆ ಜಂಬ ಎನ್ನಬೇಡಿ.

ಹರಳಿನ ಅಂಚು ಎದ್ದು ಕಾಣಲು ಕಲ್ಲಿಗೆ ಏನು ಸವರಿದೆ ಎಂದು ಕೇಳುವವರು ತೋಟಕ್ಕೆ ಬನ್ನಿ, ಇಲ್ಲಿ ಹೇಳಲ್ಲ. ಅಡ್ಡ ಕೊಯ್ದ ಆ ಮೊದಲ ತುಂಡು ಅಡುಗೆಮನೆಯಲ್ಲಿದೆ. ಅದರ ಮೇಲೆ ಒಟ್ಟಿ ತುಂಬ ಚೆನ್ನಾಗಿ ತಟ್ಟಬಹುದಂತೆ.