ಹಳೆಯ ಕಾರ್ವೆಟ್‌ನಲ್ಲಿರುವ ಎಂಜಿನ್ ಯಾವುದು? ಗುರುತಿಸುವ ಕ್ರಮ

ನಾಲ್ಕಾರು ಕೈ ದಾಟಿ ಬಂದ 1960ರ ದಶಕದ ಷೆವರ್ಲೆ ಕಾರ್ವೆಟ್ ಒಂದನ್ನು ದುರಸ್ತಿಗೆಂದು ಕೊಂಡವರು ಮೊದಲು ತಿಳಿಯಬೇಕಾದುದು, ಅದರಲ್ಲಿರುವ ಎಂಜಿನ್ ಆ ಕಾರಿನದೇ ಹೌದೋ ಅಲ್ಲವೋ ಎಂಬುದನ್ನು. ಷೆವರ್ಲೆಯ ‘ಸ್ಮಾಲ್ ಬ್ಲಾಕ್’ ವಿ8 ಎಂಜಿನ್‌ಗಳು 283, 327, 350 ಘನ ಅಂಗುಲ ಹೀಗೆ ಹಲವು ಗಾತ್ರಗಳಲ್ಲಿ ಬಂದಿದ್ದರೂ ಹೊರನೋಟಕ್ಕೆ ಎಲ್ಲವೂ ಒಂದೇ. ಕಿತ್ತಳೆ ಬಣ್ಣವನ್ನಾಗಲಿ ಏರ್ ಕ್ಲೀನರ್ ಮೇಲಿನ ಸ್ಟಿಕರನ್ನಾಗಲಿ ನಂಬಬೇಡಿ, ಎರಡೂ ಬಿಡಿಭಾಗದ ಅಂಗಡಿಯಲ್ಲಿ ಸಿಗುತ್ತವೆ.

ವಾಲ್ವ್ ಕವರಿಗೆ, ಅಂದರೆ ಸಿಲಿಂಡರ್ ಹೆಡ್ಡಿನ ಮೇಲಿನ ಮುಚ್ಚಳಕ್ಕೆ, ನಾಲ್ಕು ಬೋಲ್ಟ್ ಇದ್ದರೆ ಅದು ಸ್ಮಾಲ್ ಬ್ಲಾಕ್, ಏಳು ಇದ್ದರೆ ಬಿಗ್ ಬ್ಲಾಕ್. ಮುಂದಿನ ವಿವರವೆಲ್ಲ ಸ್ಮಾಲ್ ಬ್ಲಾಕಿಗೆ ಸಂಬಂಧಿಸಿದ್ದು.

ಮೊದಲು ಎರಕದ ಸಂಖ್ಯೆಯನ್ನು ಓದಿ. ಅದು ಬ್ಲಾಕಿನ, ಅಂದರೆ ಎಂಜಿನ್ನಿನ ಎರಕದ ಮೂಲ ಒಡಲಿನ, ಹಿಂಬದಿಯಲ್ಲಿ, ಗೇರ್‌ಬಾಕ್ಸ್ ಬಂದು ಕೂಡುವ ಅಂಚಿನ ಮೇಲೆ, ಚಾಲಕನ ಬದಿಗೆ ಉಬ್ಬಿ ನಿಂತಿರುತ್ತದೆ. ಅಮೆರಿಕದ ಕಾರಿನಲ್ಲಿ ಚಾಲಕನ ಬದಿಯೆಂದರೆ ಎಡಬದಿ. ಜಿಡ್ಡು ತೆಗೆದು ಸೀಮೆಸುಣ್ಣ ಸವರಿದರೆ ಅಂಕಿಗಳು ಎದ್ದು ಕಾಣುತ್ತವೆ. ಕೈಗನ್ನಡಿಯಲ್ಲಿ ಅಂಕಿಗಳು ತಿರುಗಿ ಕಾಣುವುದರಿಂದ ಮೊಬೈಲ್ ಕ್ಯಾಮೆರಾವನ್ನು ಒಳಗೆ ತೂರಿಸಿ ಚಿತ್ರ ತೆಗೆಯುವುದೇ ಮೇಲು. ಆದರೆ ಈ ಸಂಖ್ಯೆಯೊಂದರಿಂದಲೇ ತೀರ್ಮಾನಕ್ಕೆ ಬರಬಾರದು. 3970010 ಎಂಬ ಎರಕವು 1969ರಿಂದ ಸುಮಾರು ಒಂದು ದಶಕ ಕಾಲ ಟ್ರಕ್ಕು, ಮನೆಬಳಕೆಯ ಕಾರು, ಕಾರ್ವೆಟ್ ಎಲ್ಲದಕ್ಕೂ ಹೋಗಿದೆ. ಈ ಸಂಖ್ಯೆ ಇದ್ದರೆ ಕ್ರ್ಯಾಂಕನ್ನು ಹಿಡಿದಿಡುವ ಪ್ರತಿ ಮೇನ್ ಬೇರಿಂಗಿಗೆ ನಾಲ್ಕು ಬೋಲ್ಟಿನ ಗಟ್ಟಿ ಬ್ಲಾಕ್ ಎಂದೇ ಅರ್ಥ ಎನ್ನುವ ಮಾರಾಟಗಾರರ ಮಾತು ಸರಿಯಲ್ಲ. ಎರಡು ಬೋಲ್ಟಿನವೂ ಅದೇ ಸಂಖ್ಯೆಯಲ್ಲಿ ಬಂದಿವೆ, ಆಯಿಲ್ ಪ್ಯಾನ್ ಬಿಚ್ಚದೆ ಅದು ತಿಳಿಯದು.

ಅದೇ ಹಿಂಬದಿಯ ಅಂಚಿನಲ್ಲಿ, ಹೆಚ್ಚಿನ ಬ್ಲಾಕುಗಳಲ್ಲಿ ಬಲಕ್ಕೆ, ಎರಕ ಹೊಯ್ದ ದಿನಾಂಕವಿರುತ್ತದೆ. ‘ಬಿ 24 9’ ಎಂದಿದ್ದರೆ ಬಿ ಎಂಬುದು ಎರಡನೆಯ ತಿಂಗಳು, 24 ತಾರೀಖು, 9 ಇಸವಿಯ ಕೊನೆಯ ಅಂಕಿ. ಅದು 1969 ಆಗಬಹುದು, 1979 ಕೂಡ ಆಗಬಹುದು. ಆಯಿಲ್ ಅಳೆಯುವ ಕಡ್ಡಿ ಬಲಬದಿಯಲ್ಲಿದ್ದರಂತೂ ಬ್ಲಾಕ್ 1980ರ ಈಚಿನದು.

ಇನ್ನು ಎಲ್ಲಕ್ಕಿಂತ ಮುಖ್ಯವಾದ, ಜನ ಎಲ್ಲಕ್ಕಿಂತ ಹೆಚ್ಚು ಕೆಡಿಸುವ ಹಂತ. ಬ್ಲಾಕಿನ ಮುಂಬದಿಯಲ್ಲಿ, ಬಲಗಡೆಯ ಸಿಲಿಂಡರ್ ಹೆಡ್ಡಿನ ಮುಂದೆ, ಎರಡು ಬೆರಳಗಲದ ನುಣುಪಾದ ಪಟ್ಟಿಯೊಂದಿದೆ. ಎಂಜಿನ್ನಿನ ಜಾತಕವೆಲ್ಲ ಇರುವುದು ಅಲ್ಲಿಯೇ. ಅಲ್ಲಿನ ಅಕ್ಷರಗಳು ಉಬ್ಬಿದವಲ್ಲ, ಒತ್ತಿದವು, ಕೆಲವೊಮ್ಮೆ ಉಗುರಿಗೂ ತಾಗದಷ್ಟು ತೆಳು. ಗೆಳೆಯರೊಬ್ಬರು ತುಕ್ಕು ಬಿಡಿಸಲೆಂದು ಡ್ರಿಲ್ಲಿಗೆ ತಂತಿ ಚಕ್ರ ಸಿಕ್ಕಿಸಿ ಅರ್ಧ ನಿಮಿಷ ಉಜ್ಜಿದ್ದನ್ನು ಎದುರಿಗೇ ನಿಂತು ನೋಡಿದ್ದೇನೆ. ತುಕ್ಕಿನ ಜೊತೆ ಮೊದಲ ಮೂರು ಅಕ್ಷರಗಳೂ ಹೋದವು, ಮತ್ತೆ ಬರಲಿಲ್ಲ. ಆದ್ದರಿಂದ ಸ್ಯಾಂಡ್‌ಪೇಪರ್, ತಂತಿ ಬ್ರಷ್, ಗ್ರೈಂಡರ್ ಯಾವುದನ್ನೂ ಇಲ್ಲಿ ತರಲೇಬಾರದು. ಬಣ್ಣ ಕರಗಿಸುವ ದ್ರಾವಣ ಹಚ್ಚಿ ಕಾಲು ಗಂಟೆ ಬಿಟ್ಟು, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ, ಬಟ್ಟೆಯಿಂದ ಒರೆಸಿ. ಒಮ್ಮೆಗೆ ಹೋಗದಿದ್ದರೆ ಇನ್ನೊಮ್ಮೆ ಹಚ್ಚಿ. ಆಮೇಲೆ ಕೋಣೆಯ ದೀಪ ಆರಿಸಿ, ಟಾರ್ಚನ್ನು ಪಟ್ಟಿಗೆ ತಾಗುವಷ್ಟು ಓರೆಯಾಗಿ ಹಿಡಿದರೆ ನೆರಳು ಬಿದ್ದು ಅಕ್ಷರಗಳು ಮೂಡುತ್ತವೆ.

1969ರ ಕಾರಿನಲ್ಲಿ ‘ವಿ 0315 ಎಚ್‌ವೈ’ ಎಂದು ಕಂಡರೆ, ವಿ ಎಂಬುದು ಮಿಷಿಗನ್‌ನ ಫ್ಲಿಂಟ್ ಕಾರ್ಖಾನೆ, 0315 ಎಂಬುದು ಎಂಜಿನ್ ಜೋಡಿಸಿದ ಮಾರ್ಚ್ 15, ಎಚ್‌ವೈ ಎಂಬುದು ಕೈ ಗೇರಿನ ಕಾರ್ವೆಟ್‌ಗೆ ಕೊಟ್ಟ 300 ಅಶ್ವಶಕ್ತಿಯ 350 ಎಂಜಿನ್. ಎಚ್‌ಡಬ್ಲ್ಯೂ ಇದ್ದರೆ 350 ಅಶ್ವಶಕ್ತಿ. ಪಕ್ಕದಲ್ಲಿ ‘19ಎಸ್7’ ಎಂದು ಆರಂಭವಾಗುವ ಇನ್ನೊಂದು ಸಾಲು ಇರಬೇಕು. ಅಲ್ಲಿ ಎಸ್ ಎಂದರೆ ಕಾರು ತಯಾರಾದ ಸೇಂಟ್ ಲೂಯಿಸ್. ಅದರ ಕೊನೆಯ ಆರು ಅಂಕಿಗಳು ಕಾರಿನ ಚಾಸಿಸ್ ಸಂಖ್ಯೆಯ ಕೊನೆಯ ಆರು ಅಂಕಿಗಳೇ ಆಗಿದ್ದರೆ ಎಂಜಿನ್ ಆ ಕಾರಿನದೇ. ಎರಡು ಸಾಲುಗಳನ್ನು ಬೇರೆ ಬೇರೆ ಊರಿನಲ್ಲಿ ಒತ್ತಿದ್ದರಿಂದ ಅಕ್ಷರದ ಗಾತ್ರ ಭಿನ್ನವಾಗಿರುವುದು ಸಹಜ.

ಹೊಂದಿತೆಂದು ಕೂಡಲೇ ನಂಬದೆ, ಪಟ್ಟಿಯ ಮೇಲ್ಮೈಯನ್ನು ಭೂತಗನ್ನಡಿಯಲ್ಲಿ ನೋಡಿ. ಕಾರ್ಖಾನೆಯ ಪಟ್ಟಿಯಲ್ಲಿ ಬ್ಲಾಕಿನ ಉದ್ದಕ್ಕೆ ಸಾಗುವ ಕೂದಲೆಳೆಯಂಥ ನೇರ ಗೆರೆಗಳಿರುತ್ತವೆ. ಗೆರೆಗಳು ಸುತ್ತು ಸುತ್ತಾಗಿದ್ದರೆ, ಅಥವಾ ಕನ್ನಡಿಯಂತೆ ನುಣುಪಾಗಿದ್ದು ಅಕ್ಷರಗಳು ಮಾತ್ರ ಹೊಸದಾಗಿದ್ದರೆ, ಹಳೆಯದನ್ನು ಅಳಿಸಿ ಬೇರೆ ಒತ್ತಿರುವ ಸಾಧ್ಯತೆ ಹೆಚ್ಚು. ದಿನಾಂಕಗಳನ್ನೂ ತಾಳೆ ನೋಡಿ: ಎರಕ ಮೊದಲು, ಜೋಡಣೆ ಆಮೇಲೆ, ಕಾರು ಕೊನೆಗೆ. ಜೋಡಣೆಗಿಂತ ಈಚಿನ ಎರಕವಿದ್ದರೆ ಅಲ್ಲೇನೋ ಮೋಸವಿದೆ.

ಒಳಗಿನ ಗಾತ್ರವನ್ನು ಯಾವ ಅಂಕಿಯೂ ಖಾತರಿ ಮಾಡುವುದಿಲ್ಲ, ಏಕೆಂದರೆ ಪಿಸ್ಟನ್‌ ಸಾಗುವ ದೂರವನ್ನು ನಿರ್ಧರಿಸುವ ಕ್ರ್ಯಾಂಕ್ ಬದಲಾಗಿರಬಹುದು. ಸ್ಪಾರ್ಕ್ ಪ್ಲಗ್ಗಿನ ರಂಧ್ರ ಓರೆಯಾಗಿರುವುದರಿಂದ ಅದರೊಳಗೆ ಕಡ್ಡಿ ಇಳಿಸಿ ಅಳೆಯುವ ಸುಲಭ ದಾರಿಯನ್ನು ನಾನು ಒಪ್ಪುವುದಿಲ್ಲ. ಒಂದು ಹೆಡ್ ಬಿಚ್ಚಿ ಅಳೆಯಿರಿ. 327 ಮತ್ತು 350 ಎರಡರ ಬೋರ್, ಅಂದರೆ ಸಿಲಿಂಡರಿನ ಒಳವ್ಯಾಸ, ಕೂಡ 4 ಅಂಗುಲವೇ. ಆದರೆ ಪಿಸ್ಟನ್ ಮೇಲಿನಿಂದ ಕೆಳಕ್ಕೆ ಸಾಗುವ ದೂರ ಮೊದಲನೆಯದರಲ್ಲಿ 3.25 ಅಂಗುಲ, ಎರಡನೆಯದರಲ್ಲಿ 3.48. ಬೋರ್ 3.736ರ ಆಸುಪಾಸು ಇದ್ದರೆ ಅದು ಈಚಿನ 305 ಎಂಜಿನ್.

ಬ್ಲಾಕನ್ನು ಮೆಷಿನ್ ಶಾಪಿಗೆ ಕಳುಹಿಸುವ ಮುನ್ನ ಪಟ್ಟಿಯ ಚಿತ್ರಗಳನ್ನು ತೆಗೆದಿಟ್ಟುಕೊಂಡು, ಬ್ಲಾಕಿನ ಮೇಲ್ಮೈ ಸಪಾಟು ಮಾಡುವಾಗ ಮುಂದಿನ ಪಟ್ಟಿಯನ್ನು ಮುಟ್ಟಕೂಡದೆಂದು ಬರವಣಿಗೆಯಲ್ಲಿಯೇ ಕೊಡಿ.