ಹಳೇ ರೆಡ್ ವೈನ್: ಗಸಿ ಬಿಟ್ಟು ತಿಳಿ ಬಸಿಯಿರಿ

ಹೋದ ತಿಂಗಳು ಡೊಂಬಿವಲಿಯಲ್ಲಿ ಗೆಳೆಯನ ಮನೆಗೆ ಹೋಗಿದ್ದೆ. ಅವನ ಭಾವ ಪ್ಯಾರಿಸ್ಸಿನಿಂದ ಫ್ರಾನ್ಸಿನ ಬೋರ್ಡೊ ಸೀಮೆಯ 2005ರ ರೆಡ್ ವೈನ್ ಬಾಟಲಿ ತಂದಿದ್ದರು. ನಮ್ಮವನು ಅದನ್ನು ಕೆಮ್ಮಿನ ಔಷಧಿಯ ಹಾಗೆ ಅಲ್ಲಾಡಿಸಿ, ಸ್ಟೀಲ್ ಲೋಟಕ್ಕೆ ಸುರಿದು, ಒಂದು ಗುಟುಕು ಕುಡಿದು ‘ಬರೀ ಮರಳು, ಕೆಟ್ಟುಹೋಗಿದೆ ಮಾರಾಯ’ ಅಂತ ಸಿಂಕಿಗೆ ಚೆಲ್ಲಿಬಿಟ್ಟ. ಕೆಟ್ಟಿರಲಿಲ್ಲ, ಆ ಮರಳು ಹಳೇ ವೈನಿನ ಗಸಿ ಅಷ್ಟೇ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಕುಡಿಯುವ ಎರಡು ದಿನ ಮುಂಚೆ ಬಾಟಲಿಯನ್ನು ನೆಟ್ಟಗೆ ನಿಲ್ಲಿಸಿ, ಗಸಿ ತಳಕ್ಕೆ ಇಳಿಯಲಿ. ಕೊನೆಯ ಒಂದೂವರೆ ಗಂಟೆ ಫ್ರಿಜ್ಜಿನಲ್ಲಿ, ಅಲ್ಲೂ ನಿಂತೇ ಇರಲಿ. ರೆಡ್ ವೈನಿಗೆ ‘ರೂಮ್ ಟೆಂಪರೇಚರ್’ ಅಂದರೆ 16–18 ಡಿಗ್ರಿ, ನಮ್ಮ ಮುಂಬೈ ಮನೆಯ 30 ಅಲ್ಲ.

ಹಳೇ ಕಾರ್ಕ್ ನೆನೆದ ರಸ್ಕಿನ ಹಾಗೆ ಪುಡಿಯಾಗುತ್ತದೆ. ಎರಡು ಅಲಗಿನ ಓಪನರ್ ತಗೊಳ್ಳಿ, ಅಲಗುಗಳನ್ನು ಕಾರ್ಕಿನ ಎರಡೂ ಪಕ್ಕಕ್ಕೆ ಇಳಿಸಿ ತಿರುಗಿಸುತ್ತಾ ಎಳೆಯಿರಿ. ಮುರಿದರೆ ಚಹಾ ಸೋಸುವ ಜಾಲರಿ ಇದ್ದೇ ಇದೆ.

ಈಗ ಬಸಿಯುವುದು. ಎಲ್ಲರೂ ಎಡವುವುದು ಇಲ್ಲೇ. ಎಳೇ ವೈನಿನ ಒಗರು, ಅಂದರೆ ಟ್ಯಾನಿನ್, ವರ್ಷಗಟ್ಟಲೆ ಬಣ್ಣದ ಜೊತೆ ಕೂಡಿಕೊಂಡು ಭಾರವಾಗಿ ತಳಕ್ಕೆ ಇಳಿಯುತ್ತದೆ. ಅದೇ ಗಸಿ. ಬೇಳೆ ಕಟ್ಟು ಬಸಿದ ಕೈಗೆ ಇದು ಹೊಸದಲ್ಲ. ಒಣಗಿದ ಗಾಜಿನ ಜಗ್ ಇಟ್ಟುಕೊಳ್ಳಿ, ಬಾಟಲಿಯ ಕತ್ತಿನ ಕೆಳಗೆ ಮೊಬೈಲ್ ಟಾರ್ಚ್ ಹಚ್ಚಿಡಿ. ಸಣ್ಣ ಧಾರೆ, ಒಂದೇ ಸಮ. ನಡುವೆ ಬಾಟಲಿ ಮತ್ತೆ ನೆಟ್ಟಗೆ ಮಾಡಿದರೆ ಒಳಗೆ ಅಲೆಯೆದ್ದು ಗಸಿಯೆಲ್ಲ ಕದಡುತ್ತದೆ, ಆದ್ದರಿಂದ ಅದೇ ಮೊಬೈಲಿಗೆ ಫೋನ್ ಬಂದರೂ ಎತ್ತಬೇಡಿ. ಮೊದಲು ತೆಳ್ಳಗೆ ಹೊಗೆಯ ಎಳೆಯಂಥದ್ದು ಕತ್ತಿನತ್ತ ಬರುತ್ತದೆ, ಅದರ ಹಿಂದೆಯೇ ಕಪ್ಪು ಚೂರು. ಹೊಗೆ ಕಂಡ ಕೂಡಲೇ ನಿಲ್ಲಿಸಿ. ಎರಡು ಬೆರಳಿನಷ್ಟು ತಳದಲ್ಲೇ ಉಳಿಯಲಿ, ಜಿಪುಣತನ ಬೇಡ. ವೈನಿಗೆ ಗಾಳಿ ಬೆರೆಸಲು ಬಾಟಲಿ ಬಾಯಿಗೆ ಸಿಕ್ಕಿಸುವ ಪ್ಲಾಸ್ಟಿಕ್ ಏರೇಟರ್ ಮಾರುತ್ತಾರಲ್ಲ, ಅದು ಎಳೇ ವೈನಿಗೆ ಸರಿ, ಹಳೇದರಲ್ಲಿ ಉಳಿದಿರುವ ಚೂರುಪಾರು ಪರಿಮಳವನ್ನೂ ಓಡಿಸಿಬಿಡುತ್ತದೆ. ನಾನಂತೂ ಮುಟ್ಟುವುದಿಲ್ಲ.

ಗ್ಲಾಸನ್ನು ಬಿಳಿ ಕಾಗದದ ಮೇಲೆ ಓರೆ ಮಾಡಿ. ನೇರಳೆ ಹೋಗಿ ಅಂಚು ಇಟ್ಟಿಗೆ ಬಣ್ಣಕ್ಕೆ ತಿರುಗಿರುತ್ತದೆ. ಮೂಸಿ ನೋಡಿದರೆ ತಾಜಾ ಹಣ್ಣು ಸಿಗುವುದಿಲ್ಲ. ಒಣ ಅಂಜೂರ, ಚರ್ಮ, ತಂಬಾಕು, ಅಣಬೆ, ಮಳೆಗೆ ನೆನೆದ ತರಗೆಲೆ, ಹೀಗೆ. ಬಾಯಲ್ಲಿ ಒಗರು ಮೆತ್ತಗಾಗಿರುತ್ತದೆ, ಹುಳಿ ಮಾತ್ರ ಇನ್ನೂ ಚುರುಕು. ಇದೆಲ್ಲ ಮಾಗಿದ ಗುರುತು. ಒದ್ದೆ ರಟ್ಟಿನ ವಾಸನೆ ಬಂದರೆ ಕಾರ್ಕಿನಿಂದ ತಗುಲಿದ ದೋಷ, ವಿನೆಗರ್ ಬಂದರೆ ಕಥೆ ಮುಗಿದಂತೆ. ಕಾರ್ಕ್ ಮೇಲೆದ್ದಿದ್ದು, ಕುದಿಸಿದ ಜಾಮಿನ ವಾಸನೆ ಬಂದರೆ ಸೆಕೆಗೆ ಬೆಂದಿದೆ ಅಂತ ಅರ್ಥ. ಅಡುಗೆಮನೆ ಅಟ್ಟದಲ್ಲಿ ಹತ್ತು ವರ್ಷ ಇಟ್ಟರೆ ಇನ್ನೇನಾಗುತ್ತದೆ? ವೈನ್ ಇಡುವ ನೆಲಮಾಳಿಗೆ, ಸೆಲ್ಲಾರ್, ಅಂದರೆ 12–13 ಡಿಗ್ರಿಯ ಕತ್ತಲು. ಅಂದಹಾಗೆ, ನಾಶಿಕದ ಮಾಮೂಲಿ ರೆಡ್ ವೈನ್‌ಗಳನ್ನು ಸುಮ್ನೆ ಕೂಡಿಡಬೇಡಿ, ಅವು ಎಳೆಯವಾಗಿದ್ದಾಗಲೇ ಕುಡಿಯಲಿ ಅಂತ ಮಾಡಿದವು.

ಬಸಿದ ಮೇಲೆ ತಡಮಾಡದೆ ಕುಡಿಯಿರಿ. ಹಳೇ ವೈನ್ ಗಂಟೆಯೊಳಗೇ ಬಾಡಬಹುದು, ನಾಳೆಗಂತೂ ಉಳಿಸಬೇಡಿ. ತಳದ ಗಸಿ ಕಹಿ, ಆದರೆ ವಿಷವಲ್ಲ. ನಾನು ಅದನ್ನು ಮಟನ್ ಸಾರಿಗೆ ಸುರಿಯುತ್ತೇನೆ.